ಸಾರ್ವಜನಿಕ ಸೇವೆಗೆ ನ್ಯಾಯಸಮ್ಮತ ಆಯ್ಕೆ: ಕೋಲ್ಕತ್ತದ ಅನುಭವ



ಸಾರ್ವಜನಿಕ ಸೇವೆಗೆ ಯೋಗ್ಯರಾದ ತರುಣ ತರುಣಿಯರನ್ನು ಆರಿಸುವುದು ಸರ್ಕಾರದ ಅತ್ಯಂತ ಹೊಣೆಗಾರಿಕೆಯ ಕಾರ್ಯಗಳಲ್ಲೊಂದು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯೇ ಆಗಲಿ, ರಾಜ್ಯ ಸರ್ಕಾರದ ನೇಮಕಾತಿಯೇ ಆಗಲಿ, ಜಿಲ್ಲಾಡಳಿತದೊಡನೆ ಒಂದೆರಡು ವರ್ಷ ದುಡಿಯುವ ಅವಕಾಶ ಕೊಡುವ ಫೆಲೋಶಿಪ್ ಆಗಲಿ, ಎಲ್ಲೆಡೆಯೂ ಸ್ಥಾನಗಳು ಕೆಲವು, ಆಕಾಂಕ್ಷಿಗಳು ಅನೇಕರು. ಆಯ್ಕೆಯಾದವರು ಸಂತೋಷದಿಂದ ಸೇವೆಗೆ ಸೇರುತ್ತಾರೆ. ಉಳಿದವರು ಊರಿಗೆ ಹಿಂದಿರುಗುತ್ತಾರೆ. ಹಾಗೆ ಹಿಂದಿರುಗುವ ಅಭ್ಯರ್ಥಿಯು "ಇನ್ನಷ್ಟು ಓದಬೇಕಾಗಿತ್ತು" ಎಂದುಕೊಂಡರೆ ವ್ಯವಸ್ಥೆ ನೆಟ್ಟಗಿದೆ ಎಂದರ್ಥ. "ಯಾರನ್ನಾದರೂ ಹಿಡಿಯಬೇಕಾಗಿತ್ತು" ಎಂದುಕೊಂಡರೆ ವ್ಯವಸ್ಥೆ ಕೆಟ್ಟಿದೆ ಎಂದರ್ಥ. ಆಯ್ಕೆಯು ನ್ಯಾಯಸಮ್ಮತವೇ ಎಂಬುದನ್ನು ಅಳೆಯಲು ಆಯ್ಕೆಯಾಗದವರ ಮನಸ್ಸಿಗಿಂತ ಒಳ್ಳೆಯ ಅಳತೆಗೋಲು ಬೇರೊಂದಿಲ್ಲ.

ಈ ವಿಷಯದಲ್ಲಿ ಕೋಲ್ಕತ್ತ ನಗರಕ್ಕೆ ದೀರ್ಘವಾದ ಅನುಭವವಿದೆ. ಸಾರ್ವಜನಿಕ ಸೇವೆಯ ಸ್ಪರ್ಧೆಯಲ್ಲಿ ನ್ಯಾಯ ಬೇಕೆಂಬ ಕೂಗು ಸಂಘಟಿತ ರೂಪ ತಳೆದದ್ದು ಅಲ್ಲಿ. ಆ ಇತಿಹಾಸವನ್ನು ತಿಳಿದರೆ ಇಂದಿನ ನಿಯಮಗಳು ಏಕೆ ಹಾಗಿವೆ ಎಂಬುದು ಸ್ಪಷ್ಟವಾಗುತ್ತದೆ.

ಕೃಪೆಯಿಂದ ಸ್ಪರ್ಧೆಗೆ

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಆಡಳಿತಕ್ಕೆ ಜನರನ್ನು ಆರಿಸುವ ಕ್ರಮ ಬಹಳ ಸರಳವಾಗಿತ್ತು. ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ತಮ್ಮ ಬಂಧುಮಿತ್ರರ ಮಕ್ಕಳನ್ನು ಹೆಸರಿಸುತ್ತಿದ್ದರು. ಹಾಗೆ ಬಂದ ಕಿರಿಯ ನೌಕರರನ್ನು 'ರೈಟರ್'ಗಳೆಂದು ಕರೆಯುತ್ತಿದ್ದರು. 2013ರವರೆಗೆ ಪಶ್ಚಿಮ ಬಂಗಾಳ ಸರ್ಕಾರದ ಸಚಿವಾಲಯವಾಗಿದ್ದ ಕೆಂಪು ಬಣ್ಣದ ರೈಟರ್ಸ್ ಬಿಲ್ಡಿಂಗ್ ಅವರಿಂದಲೇ ಹೆಸರು ಪಡೆಯಿತು. ಈ ತರುಣರಿಗೆ ದೇಶಭಾಷೆಗಳನ್ನು ಕಲಿಸಲು 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಕಲ್ಕತ್ತದಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದನು. ಅಲ್ಲಿ ಅಧ್ಯಾಪಕನಾಗಿದ್ದ ವಿಲಿಯಂ ಕೇರಿಯು ರಚಿಸಿದ ಕನ್ನಡ ವ್ಯಾಕರಣವು 1817ರಲ್ಲಿ ಸಮೀಪದ ಸೆರಾಂಪುರದಲ್ಲಿ ಅಚ್ಚಾಯಿತೆಂಬುದು ಕನ್ನಡಿಗರಿಗೆ ಆಸಕ್ತಿಯ ಸಂಗತಿ. ತರಬೇತಿಯೇನೋ ಉತ್ತಮವಾಗಿತ್ತು. ಆದರೆ ಆ ತರಬೇತಿಯ ಬಾಗಿಲವರೆಗೆ ಬರಲು ಬೇಕಾಗಿದ್ದುದು ನಿರ್ದೇಶಕರ ಕೃಪೆ ಮಾತ್ರ.

1853ರ ಸನ್ನದು ಕಾಯಿದೆಯು ಈ ಪದ್ಧತಿಯನ್ನು ಕೊನೆಗೊಳಿಸಿ ಬಹಿರಂಗ ಸ್ಪರ್ಧೆಗೆ ದಾರಿ ಮಾಡಿತು. ಮೆಕಾಲೆಯ ಅಧ್ಯಕ್ಷತೆಯ ಸಮಿತಿ 1854ರಲ್ಲಿ ಪರೀಕ್ಷೆಯ ವಿಧಾನವನ್ನು ಗೊತ್ತುಪಡಿಸಿತು. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಕಾಗದದ ಮೇಲೆ ಅದು ಎಲ್ಲರಿಗೂ ತೆರೆದ ಪರೀಕ್ಷೆ. ಆದರೆ ಸಮಿತಿ ಹಂಚಿದ ಅಂಕಗಳನ್ನು ಗಮನಿಸಬೇಕು. ಒಟ್ಟು 6,875 ಅಂಕಗಳಲ್ಲಿ ಗ್ರೀಕ್ ಭಾಷೆಗೆ 750, ಲ್ಯಾಟಿನ್ ಭಾಷೆಗೆ 750. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಭಾರತವನ್ನು ಆಳುವ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಭಾರತದ ಪ್ರಾಚೀನ ಭಾಷೆಗೆ ಯುರೋಪಿನ ಪ್ರಾಚೀನ ಭಾಷೆಯ ಅರ್ಧದಷ್ಟು ಬೆಲೆ. ಯಾರನ್ನೂ ಹೆಸರು ಹಿಡಿದು ಹೊರಗಿಡದೆಯೂ ಅಂಕಗಳ ಹಂಚಿಕೆಯಿಂದಲೇ ಒಂದು ವರ್ಗದವರಿಗೆ ದಾರಿಯನ್ನು ಸುಗಮಗೊಳಿಸಬಹುದು ಎಂಬುದಕ್ಕೆ ಇದು ನಿದರ್ಶನ.

ಇಷ್ಟೆಲ್ಲ ಅಡಚಣೆಗಳಿದ್ದರೂ ಕಲ್ಕತ್ತದ ಜೋಡಾಸಾಂಕೋ ಮನೆತನದ ಸತ್ಯೇಂದ್ರನಾಥ ಠಾಕೂರರು 1863ರಲ್ಲಿ ತೇರ್ಗಡೆಯಾದ ಪ್ರಥಮ ಭಾರತೀಯರೆನಿಸಿದರು. ಮುಂಬಯಿ ಪ್ರಾಂತಕ್ಕೆ ನೇಮಕಗೊಂಡ ಅವರು ಮುಂದೆ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಕೆಲಕಾಲ ಅಲ್ಲಿ ತಂಗಿದ್ದರು. ಕಾರವಾರದ ಕಡಲತೀರವು ಇಂದು ಕವಿಯ ಹೆಸರನ್ನೇ ಹೊತ್ತಿದೆ.

ವಯಸ್ಸಿನ ವಿವಾದ

ಸುರೇಂದ್ರನಾಥ ಬ್ಯಾನರ್ಜಿಯವರ ಪ್ರಸಂಗವು ಇನ್ನೂ ಹೆಚ್ಚು ಬೋಧಪ್ರದವಾದುದು. 1868ರ ಮಾರ್ಚಿಯಲ್ಲಿ ಅವರು ರಮೇಶಚಂದ್ರ ದತ್ತ ಮತ್ತು ಬಿಹಾರಿಲಾಲ್ ಗುಪ್ತರೊಡನೆ ಕಲ್ಕತ್ತದಿಂದ ಇಂಗ್ಲೆಂಡಿಗೆ ಹೊರಟರು. 1869ರ ಪರೀಕ್ಷೆಯಲ್ಲಿ ಮೂವರೂ ಉತ್ತೀರ್ಣರಾದರು. ಅದೇ ವರ್ಷ ಶ್ರೀಪಾದ ಬಾಬಾಜಿ ಠಾಕೂರರೂ ಆಯ್ಕೆಯಾದರು. ಆದರೆ ಫಲಿತಾಂಶದ ತರುವಾಯ ಸಿವಿಲ್ ಸರ್ವಿಸ್ ಆಯೋಗವು ಸುರೇಂದ್ರನಾಥ ಮತ್ತು ಶ್ರೀಪಾದ ಬಾಬಾಜಿಯವರ ವಯಸ್ಸನ್ನು ಪ್ರಶ್ನಿಸಿ ಅವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು.

ಕಾರಣವೇನು? 1863ರ ಡಿಸೆಂಬರಿನಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬಿದಾಗ ಸುರೇಂದ್ರನಾಥರ ವಯಸ್ಸು 16 ಎಂದು ದಾಖಲಾಗಿತ್ತು. ಅವರು ಹುಟ್ಟಿದ್ದು 1848ರ ನವೆಂಬರ್ 10ರಂದು. ಅಂದರೆ ಅವರಿಗೆ ಆಗ ಹದಿನೈದು ತುಂಬಿ ಹದಿನಾರು ನಡೆಯುತ್ತಿತ್ತು. ನಡೆಯುತ್ತಿರುವ ವರ್ಷವನ್ನೇ ವಯಸ್ಸೆಂದು ಹೇಳುವುದು ಈ ದೇಶದ ವಾಡಿಕೆ. ಕನ್ನಡ ನಾಡಿನ ಹಿರಿಯರೂ ಇಂದಿಗೂ ಹಾಗೆ ಹೇಳುವುದುಂಟು. ಆಯೋಗವಾದರೋ ಅದನ್ನು ಪೂರ್ಣಗೊಂಡ ವರ್ಷವೆಂದು ಇಂಗ್ಲೆಂಡಿನ ರೂಢಿಯಂತೆ ಲೆಕ್ಕ ಹಾಕಿ, ಅಭ್ಯರ್ಥಿಗೆ 21 ವರ್ಷದ ಮಿತಿ ದಾಟಿದೆ ಎಂದು ತೀರ್ಮಾನಿಸಿತು. ಜಾತಕವನ್ನು ಹಾಜರುಪಡಿಸಲಾಯಿತು. ಕಲ್ಕತ್ತದಲ್ಲಿ ಜನಾಭಿಪ್ರಾಯ ಕೆರಳಿತು. ಸುರೇಂದ್ರನಾಥರು ಲಂಡನ್ನಿನ ಕ್ವೀನ್ಸ್ ಬೆಂಚ್ ನ್ಯಾಯಾಲಯದ ಮೊರೆಹೊಕ್ಕರು. ಕೊನೆಗೆ ಆಯೋಗವು ಮಣಿದು ಅವರ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಿತು. ಅಷ್ಟರಲ್ಲಿ ಅವರಿಗೆ ಒಂದು ವರ್ಷ ನಷ್ಟವಾಗಿತ್ತು.

ಆಯೋಗವು ಕೆಟ್ಟ ಉದ್ದೇಶದಿಂದ ವರ್ತಿಸಿತೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಅಗತ್ಯವಿಲ್ಲ. ನಿಯಮದಲ್ಲಿ ಒಂದು ಶಬ್ದದ ಅರ್ಥ ಮೊದಲೇ ನಿಶ್ಚಿತವಾಗಿರಲಿಲ್ಲ; ಪರೀಕ್ಷೆ ಮುಗಿದ ಮೇಲೆ ಅಧಿಕಾರದಲ್ಲಿದ್ದವರು ತಮಗೆ ತಿಳಿದ ಅರ್ಥವನ್ನು ಅದಕ್ಕೆ ಹಚ್ಚಿದರು. ಅನ್ಯಾಯಕ್ಕೆ ಅಷ್ಟೇ ಸಾಕಾಯಿತು. ಇಂದು ಪ್ರತಿಯೊಂದು ಅಧಿಸೂಚನೆಯಲ್ಲಿಯೂ ಇಂಥ ತಾರೀಖಿಗೆ ಇಷ್ಟು ವರ್ಷ ತುಂಬಿರಬೇಕು, ಇಂಥ ತಾರೀಖಿಗಿಂತ ಮುಂಚೆ ಹುಟ್ಟಿರಬಾರದು, ಇಂಥ ಪ್ರಮಾಣಪತ್ರವನ್ನೇ ಒಪ್ಪಲಾಗುವುದು ಎಂದು ಬೇಸರ ಬರುವಷ್ಟು ವಿವರವಾಗಿ ಮುದ್ರಿಸುವುದರ ಹಿಂದೆ ಇಂತಹ ಅನುಭವಗಳಿವೆ.

ಬಾಗಿಲು ತೆರೆದ ಬಗೆ

ಸುರೇಂದ್ರನಾಥರನ್ನು 1874ರಲ್ಲಿ ಸೇವೆಯಿಂದ ತೆಗೆಯಲಾಯಿತು. ಅವರು ಅಧ್ಯಾಪನಕ್ಕೂ ಸಾರ್ವಜನಿಕ ಜೀವನಕ್ಕೂ ತಿರುಗಿದರು. 1876ರ ಜುಲೈ 26ರಂದು ಆನಂದಮೋಹನ ಬೋಸ್ ಮೊದಲಾದವರೊಡನೆ ಕಲ್ಕತ್ತದಲ್ಲಿ ಇಂಡಿಯನ್ ಅಸೋಸಿಯೇಷನ್ ಸ್ಥಾಪಿಸಿದರು. ಅದೇ ವೇಳೆಗೆ ಬ್ರಿಟಿಷ್ ಸರ್ಕಾರವು ಪರೀಕ್ಷೆಯ ಗರಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸಲು ನಿರ್ಧರಿಸಿತು. ಪರಭಾಷೆಯಲ್ಲಿ ವಿದ್ಯೆ ಕಲಿತು, ಸಮುದ್ರ ದಾಟಿ ಹೋಗಿ, ಅಲ್ಲಿನ ಶಾಲೆಗಳಲ್ಲಿ ಓದಿದವರೊಡನೆ ಸ್ಪರ್ಧಿಸಬೇಕಾದ ಭಾರತೀಯ ಹುಡುಗನಿಗೆ 19 ವರ್ಷದ ಮಿತಿಯೆಂದರೆ ಬಾಗಿಲು ಮುಚ್ಚಿದಂತೆಯೇ. 1877ರ ಮಾರ್ಚ್ 24ರಂದು ಕಲ್ಕತ್ತದ ಟೌನ್ ಹಾಲ್‌ನಲ್ಲಿ ಬೃಹತ್ ಪ್ರತಿಭಟನಾ ಸಭೆ ನಡೆಯಿತು. ಸುರೇಂದ್ರನಾಥರು ಊರೂರು ಸುತ್ತಿ ಉತ್ತರ, ಪಶ್ಚಿಮ ಮತ್ತು ದಕ್ಷಿಣ ಭಾರತದಲ್ಲಿ ಸಭೆಗಳನ್ನು ನಡೆಸಿದರು. ಮನವಿಯನ್ನು ಹೊತ್ತು ಲಾಲಮೋಹನ ಘೋಷರು 1879ರಲ್ಲಿ ಇಂಗ್ಲೆಂಡಿಗೆ ಹೋದರು. ಒಂದು ಪರೀಕ್ಷೆಯ ನಿಯಮಕ್ಕಾಗಿ ಬೇರೆ ಬೇರೆ ಪ್ರಾಂತಗಳ ಜನ ಒಂದೇ ದನಿಯಲ್ಲಿ ಮಾತನಾಡಿದ್ದು ರಾಷ್ಟ್ರೀಯ ಚಳವಳಿಯ ಪೂರ್ವಪೀಠಿಕೆಗಳಲ್ಲೊಂದಾಯಿತು.

ಜನರ ಬೇಡಿಕೆ ಎರಡಾಗಿತ್ತು. ವಯೋಮಿತಿಯನ್ನು ಏರಿಸಬೇಕು, ಪರೀಕ್ಷೆಯನ್ನು ಲಂಡನ್ನಿನಂತೆ ಭಾರತದಲ್ಲಿಯೂ ಏಕಕಾಲದಲ್ಲಿ ನಡೆಸಬೇಕು. ಮೊದಲನೆಯದು 1886ರ ಐಚಿಸನ್ ಆಯೋಗದ ಶಿಫಾರಸಿನ ತರುವಾಯ ಈಡೇರಿ ಮಿತಿ 23ಕ್ಕೆ ಏರಿತು. ಎರಡನೆಯದಕ್ಕೆ 1893ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯು ಒಪ್ಪಿಗೆಯ ಗೊತ್ತುವಳಿ ಸ್ವೀಕರಿಸಿತಾದರೂ, ಭಾರತದಲ್ಲಿ ಮೊದಲ ಪರೀಕ್ಷೆ ನಡೆದದ್ದು 1922ರಲ್ಲಿ, ಅಲಹಾಬಾದಿನಲ್ಲಿ. 1926ರ ಅಕ್ಟೋಬರ್ 1ರಂದು ಲೋಕಸೇವಾ ಆಯೋಗ ಸ್ಥಾಪನೆಯಾಯಿತು. ಸಂವಿಧಾನ ಜಾರಿಗೆ ಬಂದ 1950ರ ಜನವರಿ 26ರಂದು ಅದು ಕೇಂದ್ರ ಲೋಕಸೇವಾ ಆಯೋಗವಾಗಿ ಸ್ವತಂತ್ರ ಸಾಂವಿಧಾನಿಕ ಸ್ಥಾನ ಪಡೆಯಿತು.

ಬಹಿರಂಗ ಸ್ಪರ್ಧೆ ಇದ್ದ ಮಾತ್ರಕ್ಕೆ ಸಮಾನ ಅವಕಾಶ ಒದಗುವುದೇ ಎಂಬ ಪ್ರಶ್ನೆ ಮೈಸೂರು ಸಂಸ್ಥಾನದಲ್ಲಿಯೂ ಎದ್ದಿತು. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಿಂದಲೇ ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ನಡೆಯುತ್ತಿತ್ತು. ವಿದ್ಯಾಭ್ಯಾಸದ ಅನುಕೂಲ ಮೊದಲೇ ದೊರೆತಿದ್ದ ಸಮುದಾಯದವರೇ ಹೆಚ್ಚಾಗಿ ತೇರ್ಗಡೆಯಾಗುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಸಮಿತಿ 1919ರಲ್ಲಿ ಶಿಫಾರಸು ಮಾಡಿತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ನೀತಿಯಲ್ಲಿ ಭಿನ್ನಾಭಿಪ್ರಾಯವಿತ್ತು. ಅರ್ಹತೆ ಮತ್ತು ಸಾಮಾಜಿಕ ನ್ಯಾಯ ಎರಡನ್ನೂ ಕಾಪಾಡುವುದು ಹೇಗೆ ಎಂಬ ಅಂದಿನ ಚರ್ಚೆಗೆ ಸಂವಿಧಾನದ 16ನೆಯ ಅನುಚ್ಛೇದವು ಸಮಾನ ಅವಕಾಶ ಮತ್ತು ಮೀಸಲಾತಿ ಎರಡನ್ನೂ ಒಳಗೊಂಡು ಉತ್ತರ ಕೊಟ್ಟಿತು.

ಮಹಿಳೆಯರ ಮಟ್ಟಿಗೆ ಬಾಗಿಲು ತೆರೆದದ್ದು ಇನ್ನೂ ತಡವಾಗಿ. ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ. ಮಹಿಳಾ ಅಧಿಕಾರಿ ವಿವಾಹವಾಗಲು ಸರ್ಕಾರದ ಅನುಮತಿ ಪಡೆಯಬೇಕು, ವಿವಾಹದ ಬಳಿಕ ರಾಜೀನಾಮೆ ಕೇಳಬಹುದು ಎಂಬ ನಿಯಮಗಳು ಆಗ ಇದ್ದವು. ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತಾರತಮ್ಯದ ನಿಯಮಗಳನ್ನೆಲ್ಲ ಪರಿಷ್ಕರಿಸಬೇಕೆಂದು ಸ್ಪಷ್ಟವಾಗಿ ಸೂಚಿಸಿದರು.

ನ್ಯಾಯಸಮ್ಮತ ಆಯ್ಕೆಯ ಲಕ್ಷಣಗಳು

ಈ ಹಿನ್ನೆಲೆಯಲ್ಲಿ ನ್ಯಾಯಸಮ್ಮತ ಆಯ್ಕೆಗೆ ಇರಬೇಕಾದ ಲಕ್ಷಣಗಳನ್ನು ಗುರುತಿಸಬಹುದು.

ಮೊದಲನೆಯದಾಗಿ, ನಿಯಮಗಳು ಅರ್ಜಿ ಕರೆಯುವ ಮುನ್ನವೇ ನಿಶ್ಚಿತವಾಗಿ ಪ್ರಕಟವಾಗಿರಬೇಕು. ಆಯ್ಕೆ ಪ್ರಕ್ರಿಯೆ ಆರಂಭವಾದ ಮೇಲೆ, ನಿಯಮಗಳಲ್ಲಿಯೇ ಅವಕಾಶವಿದ್ದ ಹೊರತು, ಅರ್ಹತೆಯ ಮಾನದಂಡವನ್ನು ನಡುವೆ ಬದಲಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 7ರಂದು ತೀರ್ಪಿತ್ತಿದೆ.

ಎರಡನೆಯದಾಗಿ, ವಿಧಿಸುವ ಷರತ್ತು ಮಾಡಬೇಕಾದ ಕೆಲಸಕ್ಕೆ ಸಂಬಂಧಪಟ್ಟಿರಬೇಕು. ಸಿ. ವಿ. ರಾಮನ್ ಅವರು 1907ರಲ್ಲಿ ಹಣಕಾಸು ಸೇವೆಯ ಸ್ಪರ್ಧಾ ಪರೀಕ್ಷೆಯಲ್ಲಿ ಪ್ರಥಮರಾಗಿ ಕಲ್ಕತ್ತದಲ್ಲಿ ಅಧಿಕಾರಿಯಾದರು. ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಅವರನ್ನು ಕರೆದಾಗ, ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ಷರತ್ತು ಅಡ್ಡಬಂದಿತು. ರಾಮನ್ ಒಪ್ಪಲಿಲ್ಲ. ಕುಲಪತಿಗಳಾಗಿದ್ದ ಅಶುತೋಷ್ ಮುಖರ್ಜಿಯವರ ಪ್ರಯತ್ನದಿಂದ ಆ ಷರತ್ತು ಸಡಿಲವಾಗಿ, 1917ರಲ್ಲಿ ರಾಮನ್ ಪೀಠವನ್ನು ವಹಿಸಿಕೊಂಡರು. 1928ರಲ್ಲಿ ಅದೇ ನಗರದಲ್ಲಿ ಮಾಡಿದ ಶೋಧನೆಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅನಗತ್ಯ ಷರತ್ತನ್ನು ಒಬ್ಬ ವ್ಯಕ್ತಿ ಬಂದಾಗ ಸಡಿಲಿಸುವುದಕ್ಕಿಂತ ಮೊದಲೇ ವಿಧಿಸದಿರುವುದು ಉತ್ತಮ. ರಾಮನ್ ಅವರಿಗೆ ದೊರೆತಂಥ ಆಸರೆ ಎಲ್ಲ ಅಭ್ಯರ್ಥಿಗಳಿಗೂ ದೊರೆಯುವುದಿಲ್ಲ.

ಮೂರನೆಯದಾಗಿ, ಸ್ಪರ್ಧೆಯ ಸ್ಥಳ, ಭಾಷೆ ಮತ್ತು ವೆಚ್ಚ ಎಲ್ಲರ ಕೈಗೆಟುಕುವಂತಿರಬೇಕು. ಡಾ. ಡಿ. ಎಸ್. ಕೊಠಾರಿ ಸಮಿತಿಯ ಶಿಫಾರಸಿನಂತೆ 1979ರಿಂದ ನಾಗರಿಕ ಸೇವಾ ಪರೀಕ್ಷೆಯು ಮೂರು ಹಂತಗಳಲ್ಲಿ ನಡೆಯುತ್ತಿದ್ದು, ಮುಖ್ಯ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಬರೆಯಲು ಅವಕಾಶವಿದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ನಿಗದಿತ ಅಂಗವೈಕಲ್ಯವುಳ್ಳ ಅಭ್ಯರ್ಥಿಗಳಿಗೆ ಶುಲ್ಕದ ವಿನಾಯಿತಿ ಇದೆ.

ನಾಲ್ಕನೆಯದಾಗಿ, ಸಂದರ್ಶನಕ್ಕೆ ಮಿತಿ ಬೇಕು. ಮೌಖಿಕ ಪರೀಕ್ಷೆಯಲ್ಲಿ ವ್ಯಕ್ತಿಯ ಸಮಯಪ್ರಜ್ಞೆ, ವಿವೇಕ ತಿಳಿದುಬರುತ್ತದೆ ನಿಜ; ಆದರೆ ವಶೀಲಿಬಾಜಿ ನುಸುಳುವುದಕ್ಕೂ ಅಲ್ಲಿಯೇ ಅವಕಾಶ ಹೆಚ್ಚು. ಕಾಲೇಜು ಪ್ರವೇಶದ ಪ್ರಕರಣವೊಂದರಲ್ಲಿ ಮೌಖಿಕ ಪರೀಕ್ಷೆಗೆ ಒಟ್ಟು ಅಂಕಗಳಲ್ಲಿ ಶೇಕಡ 15ಕ್ಕಿಂತ ಹೆಚ್ಚಿನ ಪಾಲು ಕೊಡುವುದು ಸ್ವೇಚ್ಛೆಯ ಕ್ರಮವಾದೀತೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಅಜಯ್ ಹಾಸಿಯಾ ಪ್ರಕರಣವೆಂದು ಪ್ರಸಿದ್ಧವಾದ ಈ ತೀರ್ಪಿನ ಕಾಲ ಹಿಂದಿನ ಶತಮಾನದ ಎಂಬತ್ತರ ದಶಕದ ಆರಂಭ. ಇಂದಿನ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2,025 ಅಂಕಗಳಿದ್ದು ಸಂದರ್ಶನಕ್ಕೆ 275 ಮಾತ್ರ.

ಐದನೆಯದಾಗಿ, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ತತ್ತ್ವ ಆಯ್ಕೆ ಸಮಿತಿಗೂ ಅನ್ವಯಿಸುತ್ತದೆ. ಅರಣ್ಯ ಸೇವೆಯ ಆಯ್ಕೆಯೊಂದರಲ್ಲಿ ಅಭ್ಯರ್ಥಿಯೊಬ್ಬರೇ ಆಯ್ಕೆ ಮಂಡಳಿಯ ಸದಸ್ಯರೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಎದ್ದು ಹೋಗಿದ್ದರೂ 1969ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಯ್ಕೆಯನ್ನು ರದ್ದುಪಡಿಸಿತು. ಪಕ್ಷಪಾತ ನಡೆದಿದೆ ಎಂದು ಸಾಬೀತಾಗಬೇಕಿಲ್ಲ. ನಡೆಯುವ ನೈಜ ಸಂಭವವಿದ್ದರೆ ಸಾಕು.

ದಾಖಲೆ ಮತ್ತು ಉತ್ತರದಾಯಿತ್ವ

ಇವೆಲ್ಲ ಇದ್ದರೂ ಫಲಿತಾಂಶದ ಬಳಿಕ ಪರಿಶೀಲನೆಗೆ ಅವಕಾಶವಿಲ್ಲದಿದ್ದರೆ ವಿಶ್ವಾಸ ಉಳಿಯದು. ಇಲ್ಲಿಯೂ ಕೋಲ್ಕತ್ತ ಮತ್ತೆ ಎದುರಾಗುತ್ತದೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಪರೀಕ್ಷೆ ಬರೆದ ವಿದ್ಯಾರ್ಥಿಯೊಬ್ಬರು 2005ರ ಮಾಹಿತಿ ಹಕ್ಕು ಕಾಯಿದೆಯ ಅನ್ವಯ ತಮ್ಮ ಉತ್ತರಪತ್ರಿಕೆಯನ್ನು ನೋಡಲು ಬಯಸಿದರು. ಮಂಡಳಿ ನಿರಾಕರಿಸಿತು. ಕಲ್ಕತ್ತ ಉಚ್ಚ ನ್ಯಾಯಾಲಯವು 2009ರಲ್ಲಿ ವಿದ್ಯಾರ್ಥಿಯ ಪರವಾಗಿ ತೀರ್ಪಿತ್ತಿತು. 2011ರ ಆಗಸ್ಟ್ 9ರಂದು ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದು, ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಅಭ್ಯರ್ಥಿಗಿದೆ, ಆದರೆ ಮೌಲ್ಯಮಾಪಕರ ಗುರುತನ್ನು ಗೋಪ್ಯವಾಗಿಡಬೇಕು ಎಂದಿತು. ನಾಗರಿಕ ಸೇವಾ ಪರೀಕ್ಷೆಯ ವಿಷಯದಲ್ಲಿ ಇಂಥ ಮಾಹಿತಿಯನ್ನು ಯಾಂತ್ರಿಕವಾಗಿ ಕೊಡುವಂತೆ ಆದೇಶಿಸಲಾಗದೆಂದು 2018ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಹೀಗೆ ಪಾರದರ್ಶಕತೆ ಮತ್ತು ಗೋಪ್ಯತೆಗಳ ನಡುವಿನ ಗೆರೆಯನ್ನು ನ್ಯಾಯಾಲಯಗಳು ಪ್ರಕರಣದಿಂದ ಪ್ರಕರಣಕ್ಕೆ ಎಳೆಯುತ್ತ ಬಂದಿವೆ.

ದಾಖಲೆಗಳನ್ನು ಕಾಪಾಡದಿದ್ದರೆ ಏನಾಗುತ್ತದೆ ಎಂಬುದನ್ನು ಇತ್ತೀಚಿನ ಘಟನೆಯೊಂದು ತೋರಿಸಿದೆ. ಪಶ್ಚಿಮ ಬಂಗಾಳದಲ್ಲಿ 2016ರಲ್ಲಿ ಆರಂಭವಾದ ಶಾಲಾ ಶಿಕ್ಷಕರ ಮತ್ತು ಸಿಬ್ಬಂದಿಯ ನೇಮಕಾತಿಯನ್ನು ಕಲ್ಕತ್ತ ಉಚ್ಚ ನ್ಯಾಯಾಲಯವು 2024ರ ಏಪ್ರಿಲ್ 22ರಂದು ರದ್ದುಪಡಿಸಿತು. 2025ರ ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಮಾನವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 25,000ಕ್ಕೂ ಹೆಚ್ಚು ನೇಮಕಗಳು ಅಸಿಂಧುವಾದವು. ಮೂಲ ಉತ್ತರಹಾಳೆಗಳು ನಾಶವಾಗಿದ್ದುದರಿಂದ ಪ್ರಾಮಾಣಿಕರನ್ನೂ ಅಕ್ರಮದಿಂದ ಬಂದವರನ್ನೂ ಪೂರ್ಣವಾಗಿ ಬೇರ್ಪಡಿಸುವುದು ಕಠಿಣವಾಯಿತು. ಓದಿ, ಬರೆದು, ನ್ಯಾಯವಾಗಿ ಗೆದ್ದಿದ್ದವರೂ ವರ್ಷಗಟ್ಟಲೆ ಪಾಠ ಹೇಳಿದ ಬಳಿಕ ನೆಲೆ ಕಳೆದುಕೊಂಡರು. ಉತ್ತರಹಾಳೆಯು ಸೋತವನಿಗೆ ಸಮಾಧಾನ ಹೇಳುವ ದಾಖಲೆ ಮಾತ್ರವೆಂದು ಭಾವಿಸಬಾರದು. ಗೆದ್ದವನನ್ನು ಕಾಪಾಡುವುದೂ ಅದೇ.

ಕರ್ನಾಟಕದ ಅನುಭವವೂ ಇದಕ್ಕೆ ಹೊರತಾಗಿಲ್ಲ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯು ಅಕ್ರಮಗಳು ಬಯಲಾದ ಮೇಲೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಇಂತಹ ಘಟನೆಗಳ ಹಿನ್ನೆಲೆಯಲ್ಲಿ ಸಂಸತ್ತು ಸಾರ್ವಜನಿಕ ಪರೀಕ್ಷೆಗಳಲ್ಲಿ ಅಕ್ರಮ ತಡೆಯುವ ಕಾಯಿದೆಯನ್ನು ಅಂಗೀಕರಿಸಿದ್ದು, ಅದು 2024ರ ಜೂನ್ 21ರಿಂದ ಜಾರಿಯಲ್ಲಿದೆ. ಪ್ರಶ್ನಪತ್ರಿಕೆ ಸೋರಿಕೆ, ಉತ್ತರಹಾಳೆ ತಿದ್ದುವಿಕೆ ಮೊದಲಾದ ಅಪರಾಧಗಳಿಗೆ 3ರಿಂದ 5 ವರ್ಷ ಸೆರೆವಾಸ, ಸಂಘಟಿತ ಅಪರಾಧಕ್ಕೆ 5ರಿಂದ 10 ವರ್ಷ ಸೆರೆವಾಸ ಮತ್ತು ಕನಿಷ್ಠ 1 ಕೋಟಿ ರೂಪಾಯಿ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಫೆಲೋಶಿಪ್‌ಗಳ ಆಯ್ಕೆ

ದೊಡ್ಡ ಪರೀಕ್ಷೆಗಳಿಗೆ ಸಂವಿಧಾನದ, ಕಾಯಿದೆಯ ರಕ್ಷಣೆ ಇದೆ. ಸಾರ್ವಜನಿಕ ಸೇವೆಯ ಫೆಲೋಶಿಪ್‌ಗಳನ್ನು ಸಾಮಾನ್ಯವಾಗಿ ಸಣ್ಣ ಸಮಿತಿಗಳೇ ನಡೆಸುತ್ತವೆ. 2012ರಲ್ಲಿ ಪ್ರಧಾನಮಂತ್ರಿ ಗ್ರಾಮೀಣಾಭಿವೃದ್ಧಿ ಫೆಲೋಶಿಪ್‌ನ ಮೊದಲ ತಂಡ ಹಿಂದುಳಿದ ಜಿಲ್ಲೆಗಳಿಗೆ ತೆರಳಿದಂದಿನಿಂದ ಇಂಥ ಯೋಜನೆಗಳು ಯುವಜನರ ಗಮನ ಸೆಳೆದಿವೆ. ಪ್ರಬಂಧ ಮತ್ತು ಸಂದರ್ಶನವೇ ಪ್ರಧಾನವಾದಲ್ಲಿ ಒಳ್ಳೆಯ ಇಂಗ್ಲಿಷ್ ಬಲ್ಲ ನಗರವಾಸಿಗೆ ಸಹಜವಾಗಿಯೇ ಅನುಕೂಲ ಹೆಚ್ಚು. ಹಳ್ಳಿಯ ಕೆಲಸಕ್ಕೆ ಹಳ್ಳಿಯನ್ನು ಬಲ್ಲವರೇ ಹಿಂದೆ ಉಳಿಯುವ ಅಪಾಯ ಇಲ್ಲಿದೆ. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ 750 ಅಂಕಗಳ ಕಥೆ ಬೇರೆ ವೇಷದಲ್ಲಿ ಮರಳಿ ಬಂದಂತೆ.

ಆದಕಾರಣ ಇಂಥ ಆಯ್ಕೆ ನಡೆಸುವವರು ಕೆಲವು ಸುಲಭ ಕ್ರಮಗಳನ್ನು ಅನುಸರಿಸುವುದು ಒಳಿತು. ಯಾವ ಗುಣಕ್ಕೆ ಎಷ್ಟು ಅಂಕವೆಂಬುದನ್ನು ಅರ್ಜಿ ಕರೆಯುವಾಗಲೇ ಪ್ರಕಟಿಸಬೇಕು. ಪ್ರಬಂಧಗಳಿಂದ ಹೆಸರು, ಊರು, ಕಾಲೇಜುಗಳನ್ನು ಮರೆಮಾಡಿ ಸಂಕೇತ ಸಂಖ್ಯೆ ಕೊಡಬೇಕು. ಒಂದೊಂದು ಪ್ರಬಂಧವನ್ನೂ ಇಬ್ಬರು ಪ್ರತ್ಯೇಕವಾಗಿ ಓದಿ ಅಂಕ ಹಾಕಬೇಕು. ಅಂತರ ಹೆಚ್ಚಾದರೆ ಮೂರನೆಯವರು ಓದಬೇಕು. ಸಂದರ್ಶನದಲ್ಲಿ ಎಲ್ಲರಿಗೂ ಒಂದೇ ತರಹದ ಪ್ರಶ್ನೆಗಳನ್ನು, ಅವರಿಗೆ ಬರುವ ಭಾಷೆಯಲ್ಲಿ ಕೇಳಬೇಕು. ಅಭ್ಯರ್ಥಿಯ ಬಂಧುವೋ ಗುರುವೋ ಸಮಿತಿಯಲ್ಲಿದ್ದರೆ ಮೊದಲೇ ತಿಳಿಸಿ ಹಿಂದೆ ಸರಿಯಬೇಕು. ಸದಸ್ಯರು ಹಾಕಿದ ಅಂಕಗಳ ಹಾಳೆಯನ್ನು ಸಹಿಯೊಂದಿಗೆ ನಿಗದಿತ ಕಾಲದವರೆಗೆ ಕಾದಿಡಬೇಕು. ಆಯ್ಕೆಯಾಗದವರಿಗೂ ಪತ್ರ ಬರೆದು ಅವರ ಅಂಕಗಳನ್ನು ತಿಳಿಸಬೇಕು. ಇವುಗಳಿಗೆ ಹೆಚ್ಚಿನ ಹಣ ಬೇಕಾಗಿಲ್ಲ, ಬೇಕಾದುದು ಶಿಸ್ತು.

ಅಭ್ಯರ್ಥಿಗಳಿಗೂ ಕರ್ತವ್ಯಗಳಿವೆ. ಅಧಿಸೂಚನೆಯನ್ನು ಪೂರ್ತಿಯಾಗಿ ಓದಬೇಕು. ಜನ್ಮದಿನಾಂಕ, ಹೆಸರು, ಜಾತಿ ಪ್ರಮಾಣಪತ್ರಗಳಲ್ಲಿ ವ್ಯತ್ಯಾಸವಿದ್ದರೆ ಅರ್ಜಿ ಸಲ್ಲಿಸುವ ಮುನ್ನವೇ ಸರಿಪಡಿಸಿಕೊಳ್ಳಬೇಕು. ಸ್ಥಾನ ಕೊಡಿಸುವುದಾಗಿ ಹಣ ಕೇಳುವವರ ಬಲೆಗೆ ಬೀಳಬಾರದು. ಅನ್ಯಾಯವಾಗಿದೆ ಎನಿಸಿದರೆ ಮಾಹಿತಿ ಹಕ್ಕಿನ ಅರ್ಜಿಯಿಂದ ಹಿಡಿದು ನ್ಯಾಯಾಲಯದವರೆಗೆ ಮಾರ್ಗಗಳಿವೆ.

ಇಪ್ಪತ್ತು ವರ್ಷದ ತರುಣನೊಬ್ಬ ಪರದೇಶದಲ್ಲಿ ತನ್ನ ಜಾತಕವನ್ನು ಮುಂದಿಟ್ಟುಕೊಂಡು ತನ್ನ ವಯಸ್ಸನ್ನು ಸಾಬೀತುಪಡಿಸಬೇಕಾಗಿ ಬಂದ 1869ರಿಂದ ಈ ದೇಶ ಬಹು ದೂರ ಸಾಗಿ ಬಂದಿದೆ. ಆದರೂ ಪ್ರತಿ ವರ್ಷ ಹೊಸ ಅಭ್ಯರ್ಥಿಗಳು ಬರುತ್ತಾರೆ, ಹೊಸ ಸಮಿತಿಗಳು ಕುಳಿತುಕೊಳ್ಳುತ್ತವೆ. ಸೋತವನಿಗೂ ತನ್ನ ಅಂಕಗಳನ್ನು ನೋಡಿ "ಸರಿ, ಮುಂದಿನ ಸಲ ಪ್ರಯತ್ನಿಸುವೆ" ಎನ್ನಲು ಸಾಧ್ಯವಾಗುವಂತೆ ಕೆಲಸ ಮಾಡುವುದು ಆ ಸಮಿತಿಗಳಲ್ಲಿ ಕುಳಿತ ಪ್ರತಿಯೊಬ್ಬರ ಹೊಣೆ.